ನಾಲ್ಕು ಡಿಗ್ರಿಯ ಸುಳ್ಳು

೨೦೧೪ರಲ್ಲಿ ನಾನು ಠಾಣೆ ಜಿಲ್ಲೆಯ ರಬಾಳೆಯ ಒಂದು ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್. ಲಸಿಕೆ ಇಡುವ ಫ್ರಿಜ್‌ಗಳ ಮೇಲೆ ಕಣ್ಣಿಡುವ ಡಬ್ಬಿ ನಮ್ಮ ಸರಕು. ಅದರೊಳಗಿನ ಸಿಮ್ ಕಾರ್ಡ್ ನೋಡಲು ಮೊಬೈಲಿನದರ ಹಾಗೇ, ಆದರೆ ಬುದ್ಧಿ ಜಾಸ್ತಿ. ಅದಕ್ಕೆ ತನ್ನದೇ ಪ್ರೊಸೆಸರ್, ಅದರಲ್ಲಿ ಓಡುವ ಪುಟ್ಟ ಪ್ರೋಗ್ರಾಂ. ಅದು ಆಗಾಗ ಫ್ರಿಜ್ಜಿನ ಸೆನ್ಸರನ್ನು ಎಷ್ಟು ಡಿಗ್ರಿ ಎಂದು ಕೇಳಿ, ಬಂದ ಉತ್ತರವನ್ನು ನಮ್ಮ ಸರ್ವರಿಗೆ ಕಳಿಸುತ್ತಿತ್ತು. ಲಸಿಕೆಗೆ ಎರಡರಿಂದ ಎಂಟು ಡಿಗ್ರಿ ಬೇಕು. ಅಷ್ಟರೊಳಗಿದ್ದರೆ ಪರದೆ ಹಸಿರು, ಮೀರಿದರೆ ಕೆಂಪು.

ಕಲ್ಯಾಣದ ಒಂದು ಧರ್ಮಾಸ್ಪತ್ರೆಗೆ ನಾನು ಹೋದದ್ದು ಬರೀ ಡಬ್ಬಿಯ ಬ್ಯಾಟರಿ ಬದಲಿಸಲು. ಅಂದು ಲಸಿಕೆಯ ದಿನ. ಬೆಂಚಿನ ತುಂಬ ತಾಯಂದಿರು, ಮಡಿಲಲ್ಲಿ ಕೂಸುಗಳು. ನರ್ಸ್ ಸುಮಿತ್ರಾ ವಿಜಯಪುರದವರು. ನನ್ನ ಕುಂದಾಪುರದ ಮಾತು ಕೇಳಿ, "ನೀವು ಹಾಡಿದಂಗ ಮಾತಾಡ್ತೀರಿ ನೋಡ್ರಿ" ಎಂದು ನಕ್ಕರು. ಫ್ರಿಜ್ಜಿನ ಹಿಂದೆ ಕೈ ಹಾಕಿದೆ. ಸೆನ್ಸರಿನ ತಂತಿ ತುಂಡಾಗಿ ಜೋತಾಡುತ್ತಿತ್ತು. ನನ್ನ ಫೋನಿನ ಪರದೆಯಲ್ಲಿ ಮಾತ್ರ ಹಸಿರು, ನಾಲ್ಕು ಡಿಗ್ರಿ.

ವಿಚಾರಿಸಿದರೆ, ತಿಂಗಳ ಹಿಂದೆ ಗೋಡೆಗೆ ಬಣ್ಣ ಬಳಿಯುವಾಗ ಫ್ರಿಜ್ಜನ್ನು ಅಡ್ಡ ಮಲಗಿಸಿ ಹೊರಗೆ ಒಯ್ದಿದ್ದರಂತೆ, ತಂದಿಟ್ಟ ತಕ್ಷಣ ಸ್ವಿಚ್ ಹಾಕಿದ್ದರಂತೆ. ಹಾಗೆ ಮಾಡಿದರೆ ಕಂಪ್ರೆಸರ್ ಕೆಡುವುದುಂಟು, ತಂತಿಯೂ ಆಗಲೇ ಹರಿದಿರಬೇಕು. ನನ್ನ ಚೀಲದ ಥರ್ಮಾಮೀಟರ್ ಒಳಗಿಟ್ಟು ನೋಡಿದೆ. ಹದಿನೇಳು. ಕೈಗೆ ತಣ್ಣಗೆ ಅನ್ನಿಸುವಷ್ಟು, ಲಸಿಕೆ ಹಾಳಾಗುವಷ್ಟು. ಫ್ರಿಜ್ಜಿನಲ್ಲೇ ಮೊದಲೊಂದು ಥರ್ಮಾಮೀಟರ್ ಇತ್ತಲ್ಲ ಎಂದೆ.

"ನಿಮ್ಮ ಸಾಹೇಬ್ರೇ ತಗಸಿದ್ರಲ್ರೀ, ಡಬ್ಬಿ ಐತಲ್ಲ, ಇನ್ನ ಇದು ಯಾಕ ಅಂತ" ಎಂದರು ಸುಮಿತ್ರಾ.

ಆ ಸಾಹೇಬರೆಂದರೆ ನಮ್ಮ ಸೇಲ್ಸ್ ಮ್ಯಾನೇಜರ್ ಸುಧಾಕರಣ್ಣ. ಉಡುಪಿ ಕಡೆಯವರು, ಊರವನೆಂದು ನನ್ನ ಮೇಲೆ ಸಲುಗೆ. ಫೋನ್ ಮಾಡಿ, ತಂತಿ ಕಡಿದರೂ ಪರದೆ ಹಸಿರು ಯಾಕೆ ಎಂದು ಕೇಳಿದೆ.

"ಸಿಮ್ಮಿನ ಪ್ರೋಗ್ರಾಂ ಹಾಗೆ ಬರೆಸಿದ್ದು ನಾನೇ ಮಾರಾಯ" ಎಂದರು. "ಸೆನ್ಸರ್ ಉತ್ತರ ಕೊಡದಿದ್ರೆ ಹಿಂದಿನ ಉತ್ತರವನ್ನೇ ಕಳಿಸ್ತದೆ. ಕೆಂಪು ಕಂಡಾಗೆಲ್ಲ ಗಿರಾಕಿಗಳು ನನ್ನ ಜೀವ ತಿಂತಾರೆ. ನೀನು ತಂತಿ ಜೋಡಿಸು, ಬಾಯಿ ಮುಚ್ಕೊಂಡು ಬಾ." ನಡುವೆಯೇ ಯಾರಿಗೋ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಲು ಹೇಳಿದರು.

ಫೋನ್ ಕಟ್ ಮಾಡಿದೆ. ಯಂತ್ರ ಕೆಡುತ್ತದೆ, ತಂತಿ ಕಡಿಯುತ್ತದೆ, ಅದಕ್ಕೆಂದೇ ನಮ್ಮಂಥವರಿಗೆ ಸಂಬಳ. ಇಲ್ಲಿ ಬುದ್ಧಿಯಿದ್ದ ಸಿಮ್ಮನ್ನು ಕೂರಿಸಿಕೊಂಡು ಸುಳ್ಳು ಹೇಳಲು ಕಲಿಸಿದ್ದರು. ಚರಂಡಿಗೆ ಕಾಲಿಟ್ಟರೆ ತೊಳೆದುಕೊಳ್ಳಬಹುದು, ಆ ಮಾತನ್ನು ಕಿವಿಯಿಂದ ತೊಳೆಯುವುದು ಹೇಗೆ?

ತಂತಿ ಮುಟ್ಟದೆ ನೇರ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಸೀಸೆಗಳನ್ನೆಲ್ಲ ಬದಿಗಿಡಿಸಿ, ನಾಳೆ ಬೇರೆ ಲಸಿಕೆ ತರಿಸುತ್ತೇವೆಂದು ತಾಯಂದಿರಿಗೆ ತಿಳಿಸಿದರು. ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಒಬ್ಬಾಕೆ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನೆದುರು ನಿಂತಳು.

"ಇವತ್ತಿಂದು ನಾಳಿಗಿ ಹಾಕಸ್ಕೋತೀನ್ರಿ. ಹೋದ ವಾರ ದೊಡ್ಡಾಕಿಗಿ ಹಾಕಿಸಿದ್ದು?"

ಅದನ್ನೇ ಕೇಳಲು ಮತ್ತೆ ಡಾಕ್ಟರ ಬಳಿ ಹೋದೆ.

ಆ ತಿಂಗಳು ಲಸಿಕೆ ಪಡೆದ ಮಕ್ಕಳಿಗೆಲ್ಲ ಮತ್ತೆ ಹಾಕಬೇಕೆಂದಾಯಿತು. ಸುಮಿತ್ರಾ ಜೊತೆ ನಾನೂ ಮನೆಮನೆ ತಿರುಗಿದೆ. ಆ ಕಲಬುರಗಿಯಾಕೆ ಕೂಸನ್ನಾಗಲಿ ದೊಡ್ಡ ಮಗಳನ್ನಾಗಲಿ ಕರೆತರಲಿಲ್ಲ. ಹುಡುಕಿ ಹೋದರೆ ಅವರ ತಗಡಿನ ಶೆಡ್ಡೇ ಇರಲಿಲ್ಲ. ಕಟ್ಟಡ ಮುಗಿದು ಮುಕಾದಮ ಎನ್ನುವ ಮೇಸ್ತ್ರಿ ಆಳುಗಳನ್ನು ಬೇರೆಡೆ ಸಾಗಿಸಿದ್ದ. ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಸುಧಾಕರಣ್ಣ ಬಡ್ತಿ ಪಡೆದು ಠಾಣೆಯ ಆಫೀಸಿಗೆ ಹೋದರು.

ನಾನು ಆ ಕೆಲಸ ಬಿಟ್ಟೆ. ಈಗ ಬೇರೆಡೆ ಉಪಕರಣ ಕೊಳ್ಳುವ ಕೆಲಸ. ಯಾವ ಹೊಸದು ಕೈಗೆ ಬಂದರೂ ಮೊದಲು ಅದರ ಸೆನ್ಸರಿನ ತಂತಿ ಕೀಳುತ್ತೇನೆ. ಆಗಲೂ ಪರದೆ ಹಸಿರೇ ತೋರಿಸಿದರೆ, ಮಾರಲು ಬಂದವನಿಗೆ ಕೂರಲು ಹೇಳುವುದಿಲ್ಲ.