ನಳಿಗೆಯ ಕೆಳಗಿನ ಹೆಸರು

ಅಮೆರಿಕದ ಮೊಂಟಾನಾದ ಬೆಟ್ಟಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವವರ ನಡುವೆ, ಹಳೆಯ ಶೈಲಿಯ ಬೋಲ್ಟ್ ಬಂದೂಕಿಗೆ ವಾಲ್‌ನಟ್ ಮರದ ಒಡಲು ಕೂರಿಸುವ ಕುಶಲಿಗರ ಮಾತೆದ್ದರೆ, ಮೊದಲು ಕೇಳಿಬರುವ ಹೆಸರು ಲೂಯಿಸ್‌ಟೌನಿನ ಶ್ರೀ ಲೆಲಂಡ್ ಹೌಗನ್ ಅವರದು. ಐವತ್ತೊಂದು ವರ್ಷಗಳ ಕಾಲ ಒಂದೇ ಕಿಟಕಿಯ ಬೆಳಕಿನಲ್ಲಿ, ಹೊಳಪಿಗೆ ಮರುಳಾಗದೆ, ಹೊಗಳಿಕೆಗೆ ಕಿವಿಗೊಡದೆ, ನೂರಾ ನಲವತ್ತು ಬಂದೂಕುಗಳನ್ನು ಕಟ್ಟಿದ ಈ ಹಿರಿಯರು ಎಪ್ಪತ್ತೆಂಟರ ವಯಸ್ಸಿನಲ್ಲಿ ಉಳಿ ಕೆಳಗಿಡುತ್ತಿದ್ದಾರೆ. ಶಿಷ್ಯೆಯಾದ ನಾನು ಅವರ ಗೌರವಕ್ಕೆ ತರುತ್ತಿರುವ ಈ ಸಂಪುಟಕ್ಕೆ ನಾಲ್ಕು ಮಾತು ಬರೆಯಬೇಕೆಂದು ಬಂದೂಕು ಕುಶಲಿಗರ ಸಂಘದವರು ಕೇಳಿದಾಗ ತಲೆಯಾಡಿಸಿದೆನೇನೋ ಹೌದು. ಆದರೆ ಇವರನ್ನು ಹೊಗಳಬೇಕೋ, ಇವರೊಡನೆ ಜಗಳಕ್ಕೆ ನಿಲ್ಲಬೇಕೋ ಎಂಬುದೇ ನನಗೆ ಇಪ್ಪತ್ತಮೂರು ವರ್ಷಗಳಿಂದ ಬಗೆಹರಿದಿರಲಿಲ್ಲ.

ಅಂಗಡಿಯನ್ನು ಅವರು ನನಗೆ ಬಿಟ್ಟುಕೊಟ್ಟಿದ್ದಾರೆ. ‘ಮಾರ್ಲಿಸ್ ಓಡೆಗಾರ್ಡ್’ ಎಂದು ನನ್ನ ಹೆಸರು ಬರೆಸಿದ ಫಲಕ ಎರಡು ತಿಂಗಳು ಗೋಡೆಗೊರಗಿ ನಿಂತಿತ್ತು. ಅದನ್ನು ಬಾಗಿಲ ಮೇಲೆ ಹೊಡೆಯಲು ನನಗೆ ಕೈಯೇ ಬರಲಿಲ್ಲ.

ನಾನು ಅವರ ಬಳಿ ಸೇರಿದ್ದು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ. ನಾನು ಕುಳ್ಳಿ. ಮೊದಲ ವಾರ ತುದಿಗಾಲಲ್ಲಿ ನಿಂತು ಉಳಿ ಹಿಡಿದದ್ದನ್ನು ನೋಡಿದ ಅವರು ಒಂದು ಮಾತೂ ಆಡದೆ ಗರಗಸ ತಂದು ಬೆಂಚಿನ ನಾಲ್ಕೂ ಕಾಲುಗಳನ್ನು ಅರ್ಧ ಗೇಣಿನಷ್ಟು ಕೊಯ್ದುಬಿಟ್ಟರು. ಆರಡಿ ಎತ್ತರದ ಮನುಷ್ಯ ಅಂದಿನಿಂದ ಇಂದಿನವರೆಗೂ ಬಗ್ಗಿಯೇ ಕೆಲಸ ಮಾಡಿದರು. “ಬೆಂಚು ಕೊಯ್ಸಿಕೊಂಡೋಳು ನೀನು, ಬೆನ್ನಿಗೆ ಎಣ್ಣೆ ತಿಕ್ಕೋಳು ನಾನು,” ಎಂದು ಅವರ ಪತ್ನಿ ಡೊರೀನ್ ಈಗಲೂ ನನ್ನನ್ನು ಛೇಡಿಸುತ್ತಾರೆ.

ಇಷ್ಟು ಮಾಡುವವರು ಬಾಯಿಬಿಟ್ಟು ಶಹಭಾಸ್ ಎನ್ನಬಹುದಿತ್ತಲ್ಲ! ಅದೊಂದಿಲ್ಲ. ಕೆಲಸ ತೋರಿಸಿದರೆ “ಹೂಂ” ಎನ್ನುವರು. ಅದು ಮೆಚ್ಚುಗೆಯೋ ತಾತ್ಸಾರವೋ ದೇವರಿಗೇ ಗೊತ್ತು. ಸರಿಯಾಗಿದೆಯೇ ಎಂದು ಕೇಳಿದರೆ, “ನನ್ನನ್ಯಾಕೆ ಕೇಳ್ತೀಯ? ಮಸೀನ ಕೇಳು,” ಎನ್ನುವರು. ಬಂದೂಕಿನ ಉಕ್ಕಿನ ಭಾಗಕ್ಕೆ ದೀಪದ ಮಸಿ ಬಳಿದು ಮರದೊಳಗೆ ಒತ್ತಿ ಎತ್ತಿದರೆ, ತಾಗಿದ ಕಡೆ ಕಪ್ಪು ಹತ್ತುತ್ತದೆ. ಅಲ್ಲಷ್ಟೇ ಕೂದಲೆಳೆಯಷ್ಟು ಕೆರೆಯಬೇಕು, ಮತ್ತೆ ಒತ್ತಬೇಕು. ಮರದ ತುಂಬ ಕಪ್ಪು ಒಂದೇ ಸಮ ಹತ್ತುವವರೆಗೆ ನೂರಾರು ಸಲ ಇದೇ ಪಾಡು.

ಮೂರನೆಯ ವರ್ಷ, ಕುರಿ ಸಾಕುವ ಎವರೆಟ್ ಟ್ರಾಸ್ಕ್ ಎಂಬವರ ಬಂದೂಕನ್ನು ಪೂರ್ತಿ ನನಗೇ ವಹಿಸಿದರು. ಅದಕ್ಕೆಂದು ತೆಗೆದ ಹಲಗೆ ಒಂದೇ ಮರದಿಂದ ಅಕ್ಕಪಕ್ಕ ಕೊಯ್ದ ಜೋಡಿಯಲ್ಲೊಂದು. ಅದರ ಅವಳಿಯಲ್ಲಿ ಅವರು ತಮಗಾಗಿ, ಅದೇ ಮಾದರಿಯ ಉಕ್ಕಿಗೆ, ಆರು ವರ್ಷಗಳಿಂದ ಬಿಡುವಾದಾಗೆಲ್ಲ ಒಳಭಾಗವನ್ನಷ್ಟೇ ಕೆತ್ತುತ್ತಿದ್ದರು. “ಊರಿಗೆಲ್ಲ ಬಂದೂಕು ಕಟ್ಟೋ ಲೆಲಂಡ್ ಬೇಟೆಗೆ ಮಾತ್ರ ಎರವಲು ಕೇಳ್ತಾನೆ,” ಎಂದು ಊರವರು ನಗುತ್ತಿದ್ದರು.

ನಮ್ಮಲ್ಲೊಂದು ಪದ್ಧತಿ. ಕೆಲಸ ಶುರುಮಾಡಿದವರು, ನಳಿಗೆ ಕೂರುವ ಕಾಲುವೆಯ ತಳದಲ್ಲಿ ಸೀಸದಕಡ್ಡಿಯಿಂದ ತಮ್ಮ ಹೆಸರು ಬರೆಯುತ್ತಾರೆ. ನಳಿಗೆ ಕೂತ ಮೇಲೆ ಅದು ಯಾರಿಗೂ ಕಾಣದು. ನಾನೂ ಬರೆದೆ. ಹನ್ನೊಂದನೆಯ ದಿನ, ಒಂದು ಶುಕ್ರವಾರ, ಮರಕ್ಕೆ ಹತ್ತಿದ್ದ ಹಳೆಯ ಮಸಿಯನ್ನು ಒರೆಸದೆ ಮತ್ತೆ ಒತ್ತಿದೆ. ಹಳೆಯ ಕಪ್ಪನ್ನು ಹೊಸದೆಂದು ನಂಬಿ ಕೆರೆದೆ, ಕೆರೆದೆ. ಕಣ್ಣು ತೆರೆಯುವ ಹೊತ್ತಿಗೆ, ಗುಂಡಿನ ಒದೆತವನ್ನು ಮರಕ್ಕೆ ದಾಟಿಸುವ ಉಕ್ಕಿನ ಹಲ್ಲಿನ ಹಿಂದೆ ಇಸ್ಪೀಟೆಲೆಯ ದಪ್ಪದಷ್ಟು ಸಂದು! ಅಲ್ಲಿ ಸಂದು ಬಿಟ್ಟರೆ ಹತ್ತು ಗುಂಡಿಗೆ ಮರ ಸೀಳುತ್ತದೆ.

ಲೆಲಂಡ್ ಬಗ್ಗಿ ನೋಡಿದರು. “ಹೂಂ. ಮನೆಗೆ ಹೋಗು. ಸೋಮವಾರ ಬಾ,” ಎಂದರು.

ಸೋಮವಾರ ಬಂದರೆ, ಮರ ಬೆಂಚಿನ ಮೇಲಿದೆ, ಹಲ್ಲು ಬಿಗಿಯಾಗಿ ಕೂತಿದೆ. ಸಂದಿಲ್ಲ, ತೇಪೆಯ ಗುರುತೂ ಇಲ್ಲ. ಕಾಲುವೆಯ ತಳದಲ್ಲಿ ಹೆಸರಿದ್ದ ಜಾಗದಲ್ಲಿ ಒರೆಸಿದ ಕಲೆಯಷ್ಟೇ ಇದೆ. ನನ್ನ ತಪ್ಪನ್ನು ಮುಚ್ಚಿ, ಜೊತೆಗೆ ನನ್ನ ಹೆಸರನ್ನೂ ಅಳಿಸಿದ್ದಾರೆ ಎಂದುಕೊಂಡೆ. ಕೈಹಿಡಿದು ಎತ್ತಿದರೋ, ಮುಖಕ್ಕೆ ಉಗಿದರೋ? ಕೇಳುವ ಧೈರ್ಯ ಬರಲಿಲ್ಲ. ಹೊರಮೈ ತಿದ್ದಿ, ಹಿಡಿಗೆ ಚೌಕುಳಿ ಗೆರೆ ಕೊರೆದು, ಎಣ್ಣೆ ಕುಡಿಸಿ ಮುಗಿಸಿದೆ. ಸಂಘದ ಪ್ರದರ್ಶನದಲ್ಲಿ ಅದನ್ನು ಎಲ್ಲರೂ ಕೊಂಡಾಡಿದರು. ನನಗೆ ಹೆಸರು ಬಂದದ್ದೇ ಆ ಬಂದೂಕಿನಿಂದ. ಒಬ್ಬೊಬ್ಬರು ಹೊಗಳಿದಾಗಲೂ ಮೈಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಆಮೇಲೆ ಯಾವ ಬಂದೂಕಿನೊಳಗೂ ನಾನು ಹೆಸರು ಬರೆಯಲಿಲ್ಲ. ಅವರೇ ಒರೆಸಿದ ಹೆಸರನ್ನು ಅವರದೇ ಬಾಗಿಲ ಮೇಲೆ ಯಾವ ಮುಖ ಹೊತ್ತು ಹೊಡೆಯಲಿ?

ಕಳೆದ ತಿಂಗಳು ಡೊರೀನ್ ಕಂಬಳಿಯಲ್ಲಿ ಸುತ್ತಿದ ಬಂದೂಕೊಂದನ್ನು ತಂದರು. ಲೆಲಂಡ್ ಪ್ರತಿ ಶರತ್ಕಾಲದಲ್ಲೂ ಜೂಡಿತ್ ಬೆಟ್ಟಗಳಿಗೆ ಹೊತ್ತೊಯ್ಯುವ, ಒಬ್ಬರಿಗೂ ಬಿಚ್ಚಲು ಬಿಡದ ಅವರ ಸ್ವಂತದ್ದು.

“ಬೀಳ್ಕೊಡುಗೆ ಸಮಾರಂಭದಲ್ಲಿ ಮೇಜಿನ ಮೇಲಿಡಬೇಕಂತೆ. ಬಿಚ್ಚಿ ಎಣ್ಣೆ ಹಚ್ಚಿಕೊಡು. ಮುದುಕನಿಗೆ ಹೇಳ್ಬೇಡ ಮತ್ತೆ, ನನ್ನನ್ನ ಹುರಿದು ತಿಂತಾನೆ.”

ಎರಡು ತಿರುಪು ಬಿಚ್ಚಿ ಉಕ್ಕನ್ನು ಎತ್ತಿದೆ. ಹಲ್ಲಿನ ಹಿಂದೆ ಉಗುರಿನಷ್ಟು ತೇಪೆ. ಕಾಲುವೆಯ ತಳದಲ್ಲಿ, ನನ್ನದೇ ಸೊಟ್ಟ ಅಕ್ಷರದಲ್ಲಿ, ‘ಮಾರ್ಲಿಸ್’. ಡೊರೀನ್ ತಪ್ಪು ಬಂದೂಕು ತಂದರೇ ಎಂದುಕೊಂಡೆ. ನನಗೇ ಬುದ್ಧಿಭ್ರಮಣೆಯೇ ಎಂದುಕೊಂಡೆ. ಅವಳಿ ಹಲಗೆಯ ನೆನಪಾದದ್ದು ಆಮೇಲೆ. ನೇರ ಅವರ ಮನೆಗೆ ನಡೆದೆ. ಲೆಲಂಡ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು.

“ಮರಾನೇ ಬದಲಾಯಿಸಿದ್ರಿ! ನಿಮ್ಮ ಆರು ವರ್ಷದ ಕೆಲಸ ಟ್ರಾಸ್ಕ್‌ಗೆ ಕೊಟ್ರಿ!”

“ಬಿಚ್ಚಿದ್ಯಾ?” ಎಂದು ಅವರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. “ತೇಪೆ ಹಾಕಿದ್ದನ್ನ ಗಿರಾಕಿಗೆ ಕೊಡಕ್ಕಾಗುತ್ತಾ? ನಾನೇನು ಗಿರಾಕಿ ಅಲ್ವಲ್ಲ.”

“ನನ್ನ ಹೆಸರು ಒರೆಸಿದ್ರಿ ಅಂತ ಇಷ್ಟು ವರ್ಷ ಒಳಗೊಳಗೇ ಕೊರಗಿದೆನಲ್ಲ!”

“ಒರೆಸಿದ್ದು ನನ್ನ ಹೆಸರು. ನೀನು ಬರ್ಕೊಳ್ಲಿ ಅಂತ. ನೀನು ಬರೀಲೇ ಇಲ್ಲ. ಯಾಕೆ ಅಂತ ನನಗೂ ಅರ್ಥ ಆಗ್ಲಿಲ್ಲ.”

“ಕೇಳ್ಬಾರದಿತ್ತಾ?”

“ನೀನು ಕೇಳಿದ್ಯಾ?”

ಅವರು ಚಾಕು ಕೆಳಗಿಟ್ಟರು. “ಕೆಟ್ಟಿದ್ದು ಉಗುರಿನಷ್ಟು ಜಾಗ. ಉಳಿದ ಕಡೆಯೆಲ್ಲ ಮಸಿ ಒಂದೇ ಸಮ ಕೂತಿತ್ತು ಮಾರ್ಲಿಸ್. ಹನ್ನೊಂದೇ ದಿನದಲ್ಲಿ. ಅಂಥ ಕೆಲಸದ ಮೇಲಿನ ಹೆಸರು ಒರೆಸೋಕೆ ನಾನ್ಯಾರು?”

“ಮದುವೆ ದಿನಾನೂ ಇಷ್ಟು ಮಾತಾಡಿರ್ಲಿಲ್ಲ ಈ ಮನುಷ್ಯ,” ಎಂದರು ಡೊರೀನ್. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಫಲಕವನ್ನು ಮರುದಿನವೇ ಬಾಗಿಲಿಗೆ ಹೊಡೆದೆ. ಪೂಜ್ಯ ಲೆಲಂಡ್ ಅವರು ನಿವೃತ್ತರಾದರೂ ಬೆಳಗಿನ ಕಾಫಿಗೆ ಅಂಗಡಿಗೇ ಬರಲಿ, ನನ್ನ ಕೆಲಸ ನೋಡಿ ಹೂಂ ಎನ್ನುತ್ತಿರಲಿ. ಯಾವ ಹೂಂ ಯಾವುದೆಂದು ಇನ್ನು ಮೇಲೆ ಕೇಳಿಯೇ ತಿಳಿಯುತ್ತೇನೆ. ಆ ಬಂದೂಕು ಹೊತ್ತು ಬೆಟ್ಟ ಹತ್ತುವ ಕಾಲು ಅವರಿಗೆ ಉಳಿಯಲಿ, ಮತ್ತು ಆ ತೇಪೆ ಸಡಿಲವಾಗುವವರೆಗೂ ಅವರು ಬಾಳಲಿ. ತೇಪೆಯನ್ನು ನಾನು ಉಗುರು ಹಾಕಿ ಎಬ್ಬಿಸಿ ನೋಡಿದ್ದೇನೆ. ಅದು ಅಲ್ಲಾಡುವುದಿಲ್ಲ.