ಹಲಸಿನ ವಾಸನೆ ಎಂದು ನಾನು ಹೇಳಿದ್ದು

ಈ ಬೆಳಿಗ್ಗೆ ಪಕ್ಕದ ಮನೆಯವರು ಅರ್ಧ ಹಲಸಿನ ಹಣ್ಣನ್ನು ಜಗಲಿಯಲ್ಲಿಟ್ಟು ಹೋದರು. ಪರಿಮಳ ಮೂಗಿಗೆ ಬಡಿದದ್ದೇ ತಡ, ನಾನು ಪತ್ರಿಕೆ ಬಿಸುಟು ಅಂಗಳಕ್ಕೆ ಓಡಿದೆ. ಅಲ್ಲಿ ಹಳೆಯ ಹಂಚಿನ ಮೇಲೆ ಚಾರ್ಜಿಗಿಟ್ಟ ಎರಡು ಲಿಥಿಯಂ ಸೆಲ್‌ಗಳು ತಣ್ಣಗೆ ಮಲಗಿದ್ದವು. ಕಾಪುವಿನಲ್ಲಿ ಹಲಸಿಗೆ ಹೆದರುವ ಮುದುಕ ನಾನೊಬ್ಬನೇ ಇರಬೇಕು. ಕಾರಣವನ್ನು ನಿಮ್ಮಲ್ಲಿ ಹೇಳಿಕೊಳ್ಳುತ್ತೇನೆ.

ಶಾಲೆ ಬೇಗ ಮುಗಿಸಿ, ರೇಡಿಯೋ ಬಿಚ್ಚಿ ಜೋಡಿಸುತ್ತ ಕಲಿತವನು ನಾನು; ಬರೆದದ್ದನ್ನೆಲ್ಲ ನಂಬುವ ಅಭ್ಯಾಸವಿಲ್ಲ. ಮಣಿಪಾಲದ ಗುಜರಿ ಅಂಗಡಿಯಿಂದ ಸತ್ತ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ತಂದು ಒಡೆದರೆ ಒಳಗೆ ಬೆರಳುದ್ದದ ಸೆಲ್‌ಗಳು; ಹಲವು ಇನ್ನೂ ಗಟ್ಟಿ. ಎರಡು ವೋಲ್ಟಿಗಿಂತ ಕೆಳಗಿಳಿದದ್ದನ್ನು ಮತ್ತೆ ಚಾರ್ಜ್ ಮಾಡಬಾರದೆಂದು ಎಲ್ಲೆಡೆ ಬರೆದಿರುತ್ತದೆ. ಬರೆದವರು ಹೊಸ ಸೆಲ್ ಮಾರುವವರೇ ಇರಬೇಕೆಂಬುದು ನನ್ನ ತರ್ಕ. ಹಾಗೆ ಇಳಿದಿದ್ದ ಒಂದಕ್ಕೆ ಸಣ್ಣ ಕರೆಂಟು ಕೊಟ್ಟು ಎಬ್ಬಿಸಿದೆ. ಎದ್ದಿತು. ಎಷ್ಟು ಬೀಗಿದೆನೆಂದರೆ, ಅದನ್ನೇ ಕಾರ್ಕಳದ ಅಕ್ಕನ ಟೇಪ್‌ರೆಕಾರ್ಡರಿಗೆ ಹಾಕಿದೆ.

ಆ ಟೇಪ್‌ರೆಕಾರ್ಡರಿಗೆ ಇದ್ದದ್ದು ಒಂದೇ ಕೆಲಸ. ಬಹ್ರೈನ್‌ನಲ್ಲಿದ್ದಾಗ ಭಾವ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತನಾಡಿ ಕಳಿಸುತ್ತಿದ್ದರು. ಉಳಿದದ್ದು ಒಂದು. ಭಾವ ತೀರಿಕೊಂಡ ಮೇಲೆ ಅಕ್ಕ ದಿನಾ ಸಂಜೆ ಅದನ್ನು ಕೇಳುತ್ತಿದ್ದಳು. ಕೆಟ್ಟಾಗಲೆಲ್ಲ ರಿಪೇರಿ ನನ್ನದು.

ಆ ಸೆಲ್ ಹಾಕಿ ಮೂರು ವಾರವಾಗಿತ್ತು. ಅವಳ ಮನೆಯಲ್ಲಿ ಟೇಪ್‌ರೆಕಾರ್ಡರನ್ನು ಮಣೆಯ ಮೇಲೆ ಚಾರ್ಜಿಗಿಟ್ಟು ನಾನು ಹಲಸಿನ ಹಣ್ಣು ತಿನ್ನಲು ಕುಳಿತಿದ್ದೆ.

“ತಮ್ಮಾ, ಎಂತದೋ ಸಿಹಿ ವಾಸನೆ ಬರ್ತಾ ಉಂಟಲ್ಲ?”

“ಮನೆಯಲ್ಲಿ ಹಲಸು ಇಟ್ಟುಕೊಂಡು ವಾಸನೆ ಎಂತದು ಅಂತ ಕೇಳ್ತೀಯಲ್ಲ ಅಕ್ಕಾ!”

“ಹಲಸು ಹೀಗೆ ಮೂಗು ಉರಿಸುವುದಿಲ್ಲ ಮಾರಾಯ. ಒಮ್ಮೆ ಎದ್ದು ನೋಡು.”

“ನನಗೆ ಹೇಳಿಕೊಡಬೇಡ,” ಎಂದು ಇನ್ನೊಂದು ತೊಳೆ ಬಿಡಿಸಿಕೊಂಡೆ.

ಸೆಲ್ಲಿನೊಳಗಿನ ದ್ರವ ಸೋರಿದಾಗಲೂ ಸಿಹಿ ವಾಸನೆ ಬರುತ್ತದೆಂದು ಆ ಎರಡು ವೋಲ್ಟಿನ ಎಚ್ಚರಿಕೆ ಓದಿ ನಾನು ನಗಾಡಿದ ಪುಟದಲ್ಲೇ ಬರೆದಿತ್ತು. ಬುಸ್ಸೆಂದು ಹೊಗೆ ಎದ್ದಿತು, ಹಿಂದೆಯೇ ಬೆಂಕಿ. ಟೇಪ್‌ರೆಕಾರ್ಡರನ್ನು ಮಣೆಯಿಂದ ತಳ್ಳಿ ಅಂಗಳಕ್ಕೆ ಹಾಕುವಷ್ಟರಲ್ಲಿ ಕ್ಯಾಸೆಟ್ಟು ಒಳಗೇ ಕರಗಿ ಕಪ್ಪು ಮುದ್ದೆಯಾಗಿತ್ತು.

ಅಕ್ಕ ಬೈಯಲಿಲ್ಲ. “ಹೋಗಲಿ, ನನಗೆ ಪೂರ್ತಿ ಬಾಯಿಪಾಠ ಉಂಟು,” ಎಂದಳು. ಎಲ್ಲವನ್ನೂ ಸಂಶಯಿಸುವ ನಾನು ಆ ಮಾತನ್ನು ಮಾತ್ರ ತಕ್ಷಣ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಈಗ ಕೆಳಗಿಳಿದ ಸೆಲ್ಲನ್ನು ಎಬ್ಬಿಸುವುದಿಲ್ಲ. ನಾಲ್ಕು ಪಾಯಿಂಟ್ ಎರಡು ವೋಲ್ಟಿಗೆ ತಾನಾಗಿ ನಿಲ್ಲುವ ಚಾರ್ಜರು, ಉರಿಯುವಂಥದ್ದೇನೂ ಸುತ್ತ ಇಲ್ಲದ ಅಂಗಳ, ಆಗಾಗ ಬೆರಳಿನಿಂದ ಮುಟ್ಟಿ ಬಿಸಿ ನೋಡುವುದು. ಮುಗಿಯುವವರೆಗೆ ಏಳುವುದಿಲ್ಲ, ಪತ್ರಿಕೆ ಓದುವುದೂ ಜಗಲಿಯಂಚಿನಲ್ಲೇ, ಕಣ್ಣಳತೆಯಲ್ಲಿ.

ಇವತ್ತು ಹಾಗೆ ಸೆಲ್ ಮುಟ್ಟಿ ನೋಡುತ್ತಿರುವಾಗಲೇ ಅಕ್ಕನ ಫೋನು ಬಂತು.

“ತಮ್ಮಾ, ಕ್ಯಾಸೆಟ್ಟಿನಲ್ಲಿ ಅವರು ಕೊಡೆ ಕಳಿಸಿದ್ದೇನೆ ಅಂತ ಹೇಳಿ ನಗ್ತಾರಲ್ಲ, ಆಮೇಲೆ ಎಂತ ಹೇಳ್ತಾರೆ? ನಿನ್ನೆಯಿಂದ ನೆನಪೇ ಆಗುವುದಿಲ್ಲ. ರಿಪೇರಿಗೆ ಅಂತ ನೀನೂ ಎಷ್ಟು ಸಲ ಕೇಳಿದ್ದೀಯಲ್ಲ.”

ಕೇಳಿದ್ದು ಹೌದು. ವೇಗ ಸರಿಯಿದೆಯೇ, ಗರಗರ ಎಷ್ಟಿದೆ ಎಂದು ಕೇಳಿದ್ದೆ. ಆ ನಗುವಿನ ಹತ್ತಿರ ಟೇಪು ಸ್ವಲ್ಪ ಎಳೆಯುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಮಾತು ಒಂದೂ ನೆನಪಿಲ್ಲ.

“ಗೊತ್ತಿಲ್ಲ ಅಕ್ಕಾ,” ಎಂದೆ. ಅವಳೆದುರು ಆ ಮಾತನ್ನು ಹಿಂದೆ ಎಂದಾದರೂ ಆಡಿದ್ದೆನೋ ಇಲ್ಲವೋ.

“ಹೌದಾ,” ಎಂದಳು. “ಸೆಲ್ ಚಾರ್ಜಿಗೆ ಇಟ್ಟಿದ್ದೀಯಾ?” ಹೂಂ ಎಂದೆ. “ಹಾಗಾದರೆ ಹತ್ತಿರವೇ ಕೂತುಕೋ.”

ಕೂತಿದ್ದೇನೆ. ಹಲಸು ಜಗಲಿಯಲ್ಲಿ ಹಾಗೆಯೇ ಇದೆ.