ಬಂಪರ್ ಮಾವನ ಭಾನುವಾರ

ಪಕ್ಕದ ಮನೆಯವರನ್ನು ಇಡೀ ಬೀದಿ ಬಂಪರ್ ಮಾವ ಎಂದೇ ಕರೆಯುತ್ತಿತ್ತು. ಅವರ ಕಾರಿಗೆ ಇಪ್ಪತ್ತೆರಡು ವರ್ಷ. ಬಿಸಿಲು ತಿಂದು ತಿಂದು ಅದರ ಕಪ್ಪು ಬಂಪರು, ಕನ್ನಡಿಯ ಕವಚ, ಬಾಗಿಲ ಪಟ್ಟಿ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಭಾನುವಾರ ಬೆಳಗಾದರೆ ಸಾಕು, ಮಾವ ಮೋಟು ಸ್ಟೂಲಿನ ಮೇಲೆ ಕೂತು, ಆ ಪ್ಲಾಸ್ಟಿಕ್ಕನ್ನೆಲ್ಲ ಸೋಪುನೀರಲ್ಲಿ ಉಜ್ಜಿ, ಒಣಗಿಸಿ, ಹಳೆ ಬನಿಯನ್ನಿನ ಚೂರಿನಿಂದ ಕಪ್ಪು ಬಣ್ಣದ ಪಾಲಿಶ್ ಸವರುತ್ತಿದ್ದರು. ಒಮ್ಮೆ ಅಡುಗೆ ಎಣ್ಣೆ ಹಚ್ಚಿ ಬೀದಿಯ ಧೂಳನ್ನೆಲ್ಲ ಅಂಟಿಸಿಕೊಂಡರು. ಇನ್ನೊಮ್ಮೆ ಬೂಟ್ ಪಾಲಿಶ್ ಬಳಿದು, ಒರಗಿ ನಿಂತ ಅಂಚೆಯವನ ಪ್ಯಾಂಟಿಗೆ ಮಸಿ ಮೆತ್ತಿಸಿದರು. "ಎರಡು ಮಳೆಗೆ ಮತ್ತೆ ಬೂದಿ ಆಗುತ್ತೆ, ಯಾಕೆ ಮಾವ ಈ ಒದ್ದಾಟ?" ಎಂದು ರೇಗಿಸಿದರೆ, "ಸುಮ್ನಿರಪ್ಪ, ಇನ್ನೊಂದು ಕೈ ಬಳೀಬೇಕು" ಅನ್ನುತ್ತಿದ್ದರು. ಒಂದು ಭಾನುವಾರ ನಾನೂ ಬಟ್ಟೆ ಹಿಡಿದು ಕೂತೆ. ಕೆಲಸ ಮುಗಿಯುವ ಹೊತ್ತಿಗೆ, ಮರೆವಿನ ಕಾಯಿಲೆಯ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ವಾರವಿಡೀ ಗಂಡನನ್ನೇ "ಯಾರು ನೀವು?" ಎಂದು ಕೇಳುತ್ತಿದ್ದವರು, ಮಿರಮಿರ ಮಿಂಚುವ ಕಾರನ್ನು ಕಂಡು ಕೆನ್ನೆಗೆ ಕೈಯಿಟ್ಟರು. "ಅಯ್ಯೋ, ಹೊಸ ಕಾರ್ ಬಂತಾ? ನಂಗೊಂದು ಮಾತು ಹೇಳ್ಲೇ ಇಲ್ವಲ್ರೀ!" ಮಾವ ಕೈಗಳನ್ನು ಅಂಗಿಗೇ ಒರೆಸಿಕೊಂಡು, "ಈಗ್ತಾನೇ ಬಂತು ಕಣೇ. ಬಾ, ಮೊದಲು ನೀನೇ ಕೂತ್ಕೋ" ಎಂದು ಬಾಗಿಲು ತೆರೆದರು.